ಹಳೇ ಮಷಿನ್ ಡೈರಿ, ಭಾಗ 4: ಪಾರ್ಟ್ ಸಿಗಲ್ವಾ, ಕೇಳೋ ರೀತಿ ತಪ್ಪಾ?

ಅಜ್ಜನ ಚೈನ್‌ಸಾ ತಗೊಂಡು ಅಂಗಡಿಗೆ ಹೋದ್ರೆ ಒಂದೇ ಮಾತು: "ಇದರ ಪಾರ್ಟ್ ಬರಲ್ಲ ಮಾರಾಯ, ಗುಜರಿಗೆ ಹಾಕು."

ನಾನು ಒಪ್ಪಲ್ಲ. ನಾವು ಮಷಿನ್ ಹೆಸರು ಹೇಳಿ ಕೇಳ್ತೀವಿ, ನಂಬರ್ ಹೇಳಿ ಕೇಳಬೇಕು. ಬೇರಿಂಗ್ ಮೇಲೆ ನಂಬರ್ ಇರುತ್ತೆ. ಆಯಿಲ್ ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ, ಮೂರೇ ಅಳತೆ. ಎಷ್ಟೋ ಸಲ ಬೈಕ್ ಸ್ಪೇರ್ಸ್ ಅಂಗಡೀಲೇ ಸಿಗುತ್ತೆ. 1959ರ ಸ್ಟಿಲ್ ಕಾಂಟ್ರಾದಲ್ಲಿದ್ದ ಟಿಲ್ಲಟ್ಸನ್ ಎಚ್‌ಎಲ್ ಕಾರ್ಬುರೇಟರಿಗೆ ಇವತ್ತಿಗೂ ರಿಪೇರಿ ಕಿಟ್ ಇದೆ!

ನಮ್ಮದಕ್ಕೆ ಆಗಿದ್ದಿಷ್ಟೇ: ಕಾರ್ಬುರೇಟರಿನ ಡಯಾಫ್ರಾಮ್ ಒಣಗಿ ಗಟ್ಟಿಯಾಗಿತ್ತು, ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿತ್ತು. ಎರಡೂ ಬದಲಿಸಿದ್ಮೇಲೆ ಆರನೇ ಎಳೆತಕ್ಕೆ ಗುಡುಗಿತು. ಅಜ್ಜ ಜಗಲಿಯಿಂದ ಎದ್ದೇ ಬಂದ್ರು.

ಆದ್ರೆ ಒಂದು ಮಾತು. ಇದಕ್ಕೆ ಚೈನ್ ಬ್ರೇಕ್ ಇಲ್ಲ. ಬಾರ್‌ನ ತುದಿ ಮರಕ್ಕೆ ತಾಗಿದ್ರೆ ಗರಗಸ ಮುಖಕ್ಕೇ ಹಾರುತ್ತೆ. ಅಜ್ಜನ ಗದ್ದದ ಗಾಯ ಅದೇ ಕಥೆ. ಅದಕ್ಕೇ ತೋಟದ ಕೆಲಸಕ್ಕೆ ಬ್ರೇಕ್ ಇರೋ ಹೊಸದು, ಕಲಿಯೋಕೆ ಹಳೇದು.

ಬಿಚ್ಚಿ ನೋಡದೆ ಗುಜರಿಗೆ ಹಾಕ್ಬೇಡಿ. ರಿಪೇರಿ ಆಯ್ತು ಅಂತ ಮೈಮರೀಬೇಡಿ.

ನಿಮ್ಮ ಅಟ್ಟದಲ್ಲಿ ಏನಿದೆ? ಫೋಟೋ ಹಾಕಿ 👇

#ಹಳೇಮಷಿನ್‌ಡೈರಿ #ಚೈನ್‌ಸಾ