ಎರಡನೆಯ ಭಾಗದ ದೆವ್ವ

ದೆವ್ವದ ಸಿನಿಮಾ ನೋಡಿ ಬಂದ ಹುಡುಗನನ್ನು ಕತ್ತಲಾದ ಮೇಲೆ ಹಿತ್ತಲಿಗೆ ಕಳಿಸಿ ನೋಡಬೇಕು. ಚಿತ್ರ ಹೇಗಿತ್ತು ಎಂಬುದು ಆಗ ತಾನೇ ತಿಳಿಯುತ್ತದೆ. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲು ಮಾರ್ಗದಲ್ಲಿರುವ ಶಿವನಿಯಂಥ ಊರಿನಲ್ಲಿ ಈ ಪರೀಕ್ಷೆಗೆ ಬೇರೆ ಸಲಕರಣೆಯೇ ಬೇಡ. ಕರೆಂಟು ಹೋಗಿ, ತೋಟದಲ್ಲಿ ಒಂದು ಒಣ ಸೋಗೆ ಕಳಚಿ ಬಿದ್ದರೆ ಸಾಕು! ಒಳ್ಳೆಯ ಚಿತ್ರ ನೋಡಿದವನು ಅಮ್ಮನನ್ನೂ ಜೊತೆಗೆ ಕರೆಯುತ್ತಾನೆ. ಅದೇ ಚಿತ್ರದ ಎರಡನೆಯದೋ ಮೂರನೆಯದೋ ಭಾಗ ನೋಡಿದವನು ಸಿಳ್ಳೆ ಹಾಕುತ್ತಾ ಹೋಗಿ ಬರುತ್ತಾನೆ.

ಇದು ಎಲ್ಲ ದೇಶಗಳ ಕಥೆ. ಹಾಲಿವುಡ್‌ನಲ್ಲಿ 1931ರಲ್ಲಿ ತೆರೆಗೆ ಬಂದ ‘ಫ್ರಾಂಕನ್‌ಸ್ಟೈನ್’ ಚಿತ್ರದ ರಾಕ್ಷಸ ಜನರನ್ನು ನಡುಗಿಸಿದ್ದ. 1948ರ ಹೊತ್ತಿಗೆ ಅದೇ ರಾಕ್ಷಸ ಅಬಾಟ್ ಮತ್ತು ಕಾಸ್ಟೆಲೊ ಎಂಬ ಹಾಸ್ಯ ಜೋಡಿಯ ಜೊತೆ ನಗಿಸುವ ಕೆಲಸಕ್ಕೆ ಬಂದ. 1980ರಲ್ಲಿ ಶುರುವಾದ ‘ಫ್ರೈಡೆ ದ ಥರ್ಟೀನ್ತ್’ ಮಾಲಿಕೆಯಲ್ಲಿ ಕೆರೆ ದಂಡೆಯ ಶಿಬಿರವೊಂದರಲ್ಲಿ ಕೊಲೆಗಳಾಗುತ್ತವೆ. ಹತ್ತನೆಯ ಚಿತ್ರದ ಹೊತ್ತಿಗೆ ಕೊಲೆಗಾರ ಗಗನನೌಕೆಯನ್ನೇ ಏರಿದ್ದ! ಭೂಮಿಯ ಮೇಲೆ ಅವನಿಗೆ ಹೆದರುವವರು ಯಾರೂ ಉಳಿದಿರಲಿಲ್ಲವೇನೋ.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕಾಣದ್ದು ಹೆದರಿಸುತ್ತದೆ, ಕಂಡದ್ದು ಅಷ್ಟಾಗಿ ಹೆದರಿಸುವುದಿಲ್ಲ. ಮೊದಲ ಚಿತ್ರದಲ್ಲಿ ಬಾಗಿಲ ಹಿಂದೆ ಏನಿದೆ ಎಂಬುದು ಪ್ರೇಕ್ಷಕನಿಗೆ ಗೊತ್ತಿರುವುದಿಲ್ಲ. ಎರಡನೆಯದರಲ್ಲಿ ಗೊತ್ತಿರುತ್ತದೆ. ಆದ್ದರಿಂದ ನಿರ್ಮಾಪಕ ಬಾಗಿಲನ್ನು ದೊಡ್ಡದು ಮಾಡುತ್ತಾನೆ, ಸದ್ದು ಹೆಚ್ಚಿಸುತ್ತಾನೆ, ಒಂದು ದೆವ್ವದ ಬದಲು ಎರಡು ತರುತ್ತಾನೆ. ಹಾಗಾದರೂ ಚಿತ್ರವನ್ನೇಕೆ ತೆಗೆಯುತ್ತಾನೆ? ಹೆಸರು ಆಗಲೇ ಜನರ ಬಾಯಲ್ಲಿದೆ, ಹೊಸದಾಗಿ ಪರಿಚಯ ಮಾಡಿಕೊಡುವ ಖರ್ಚಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನಷ್ಟೇ ಉರು ಹೊಡೆದು ಪರೀಕ್ಷೆಗೆ ಹೋಗುವ ವಿದ್ಯಾರ್ಥಿಯ ಲೆಕ್ಕಾಚಾರವೂ ಇದೇ. ಪಾಸಾಗುವುದಕ್ಕೆ ಅದು ಸಾಕಾಗಬಹುದು. ಪಾಠ ತಲೆಗೆ ಹತ್ತಿತೇ ಎಂಬುದು ಬೇರೆ ಪ್ರಶ್ನೆ.

ಕನ್ನಡದ ಪ್ರೇಕ್ಷಕರಿಗೆ ಇದಕ್ಕೆ ಹತ್ತಿರದ ಉದಾಹರಣೆಯೊಂದಿದೆ. 1979ರಲ್ಲಿ ಬಂದ, ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ ಒಂದು ತಲೆಮಾರನ್ನೇ ನಿದ್ದೆಗೆಡಿಸಿದ ಚಿತ್ರ. ಅದರಲ್ಲಿ ನಾಯಕನ ಮೈಹೊಕ್ಕ ಪ್ರೇತ ನಿಜವಾದ ಪ್ರೇತ, ಪರಿಹಾರ ಮಂತ್ರಾಲಯದ ರಾಯರ ಕೃಪೆ. ಇಪ್ಪತ್ತೈದು ವರ್ಷಗಳ ನಂತರ, 2004ರಲ್ಲಿ, ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ ಬಂತು. ದ್ವಾರಕೀಶ್ ನಿರ್ಮಿಸಿದ ಈ ಚಿತ್ರಕ್ಕೆ ಮೂಲ, ಫಾಸಿಲ್ ನಿರ್ದೇಶಿಸಿದ್ದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಹಳೆಯ ಅರಮನೆ, ಬೀಗ ಹಾಕಿದ ಕೋಣೆ, ರಾತ್ರಿ ಕೇಳುವ ಗೆಜ್ಜೆ ಸದ್ದು, ನಾಗವಲ್ಲಿ ಎಂಬ ನರ್ತಕಿಯ ಕಥೆ ಎಲ್ಲವೂ ಇವೆ. ಆದರೆ ಕೊನೆಗೆ ತಿಳಿಯುವುದೇ ಬೇರೆ. ಅಲ್ಲಿ ದೆವ್ವವೇ ಇಲ್ಲ! ಇರುವುದು ಗಂಗಾ ಎಂಬ ಹೆಣ್ಣುಮಗಳ ಮನಸ್ಸಿನ ಕಾಯಿಲೆ. ಅದನ್ನು ಗುರುತಿಸುವವನು ವಿಷ್ಣುವರ್ಧನ್ ಅಭಿನಯಿಸಿದ ಮನೋವೈದ್ಯ.

ಚಿತ್ರ ಬಿಡುಗಡೆಯಾಗುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ಗಂಗಾ ಪಾತ್ರದ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಆ ಅಭಿನಯವನ್ನು ಜನ ಇಂದಿಗೂ ಮರೆತಿಲ್ಲ. ಚಿತ್ರದಲ್ಲಿ ಮತ್ತೊಂದು ಗಮನಿಸಬೇಕಾದ ಸಂಗತಿ ಇದೆ. ಅವಿನಾಶ್ ಅಭಿನಯಿಸಿದ ಆಚಾರ್ಯರ ಪಾತ್ರವನ್ನು ಗೇಲಿ ಮಾಡಿಲ್ಲ. ಆಚಾರ್ಯರು ವೈದ್ಯನ ಮಾತಿಗೆ ಬೆಲೆ ಕೊಟ್ಟು ನೆರವಿಗೆ ನಿಲ್ಲುತ್ತಾರೆ. ದೇವರನ್ನು ನಂಬುವ ಲಕ್ಷಾಂತರ ಪ್ರೇಕ್ಷಕರಿಗೆ ಚಿತ್ರ ಹಿತವಾಗಿ ಹೇಳಿದ ಮಾತು ಇದೇ: ಹರಕೆ ಹೊತ್ತುಕೊಳ್ಳಿ, ಆದರೆ ಡಾಕ್ಟರ ಬಳಿಗೂ ಹೋಗಿ.

ಮುಂದೇನಾಯಿತು? ತಮಿಳಿನಲ್ಲಿ 2005ರಲ್ಲಿ ‘ಚಂದ್ರಮುಖಿ’, ಹಿಂದಿಯಲ್ಲಿ 2007ರಲ್ಲಿ ‘ಭೂಲ್ ಭುಲಯ್ಯಾ’ ಬಂದವು. ಅವುಗಳಲ್ಲಿ ವೈದ್ಯ ಉಳಿದುಕೊಂಡ. 2010ರಲ್ಲಿ, ವಿಷ್ಣುವರ್ಧನ್ ಅವರ ನಿಧನದ ನಂತರ ತೆರೆ ಕಂಡ ‘ಆಪ್ತರಕ್ಷಕ’ದಲ್ಲೂ ವೈದ್ಯನಿದ್ದಾನೆ. ಆದರೆ ಜೊತೆಗೆ ನಾಗವಲ್ಲಿಯ ಚಿತ್ರಪಟ ಮನೆಯಿಂದ ಮನೆಗೆ ಕೇಡು ತರುತ್ತದೆ, ನೂರು ವರ್ಷ ದಾಟಿದ ರಾಜ ಇನ್ನೂ ಬದುಕಿದ್ದಾನೆ. ರಾಜನಾಗಿ ವಿಷ್ಣುವರ್ಧನ್ ಅವರ ಗತ್ತನ್ನು ನೋಡಿ ಜನ ಶಿಳ್ಳೆ ಹೊಡೆದದ್ದು ನ್ಯಾಯವೇ. ಆದರೂ ಮೊದಲ ಚಿತ್ರ ಮುಚ್ಚಿದ್ದ ಬಾಗಿಲು ಅಲ್ಲಿ ಅರ್ಧ ತೆರೆದುಕೊಂಡಿತು. 2022ರ ‘ಭೂಲ್ ಭುಲಯ್ಯಾ 2’ರ ಹೊತ್ತಿಗೆ ಮನೋವೈದ್ಯನ ಜಾಗದಲ್ಲಿ ದೆವ್ವ ಕಾಣುತ್ತದೆಂದು ಸುಳ್ಳು ಹೇಳುವ ‘ರೂಹ್ ಬಾಬಾ’ ಬಂದ. ಅಲ್ಲಿ ದೆವ್ವ ಮಾತ್ರ ನಿಜದ್ದು! 2023ರಲ್ಲಿ ಪಿ. ವಾಸು ಅವರೇ ನಿರ್ದೇಶಿಸಿದ ‘ಚಂದ್ರಮುಖಿ 2’ರಲ್ಲೂ ಪ್ರೇತವೇ ಪ್ರೇತ.

ಇವುಗಳಲ್ಲಿ ಕೆಲವು ಒಳ್ಳೆಯ ಹಣ ಗಳಿಸಿದವು ಎಂಬುದು ನಿಜ. ನೋಡುವಾಗ ಬೇಸರವಾಗದಿರಲೂಬಹುದು. ಇಳಿಮುಖವಾದದ್ದು ಗಲ್ಲಾಪೆಟ್ಟಿಗೆಯಲ್ಲ. ‘ಇದು ದೆವ್ವವಲ್ಲ, ಕಾಯಿಲೆ’ ಎಂದು ಹೇಳಿದ್ದ ಕಥೆ, ಭಾಗದಿಂದ ಭಾಗಕ್ಕೆ ಸಾಗಿ ‘ಇದು ಕಾಯಿಲೆಯಲ್ಲ, ದೆವ್ವ’ ಎಂಬಲ್ಲಿಗೆ ಬಂದು ನಿಂತಿತು.

ಸಿನಿಮಾ ತಾನೇ, ಅದಕ್ಕೇಕೆ ಇಷ್ಟು ಯೋಚನೆ ಎಂದು ಕೇಳುವವರಿದ್ದಾರೆ. ಪರೀಕ್ಷೆಯ ತಿಂಗಳಲ್ಲಿ ಹುಡುಗಿಯೊಬ್ಬಳು ತರಗತಿಯಲ್ಲೇ ಕುಸಿದು ಬೀಳುತ್ತಾಳೆ. ಎಚ್ಚರವಾದಾಗ ಬೇರೆಯದೇ ದನಿಯಲ್ಲಿ ಮಾತಾಡುತ್ತಾಳೆ, ಮನೆಯವರ ಗುರುತೇ ಇಲ್ಲದಂತೆ ನೋಡುತ್ತಾಳೆ. ನೆರೆಹೊರೆಯವರ ಬಾಯಲ್ಲಿ ಬರುವ ಮೊದಲ ಮಾತು ಏನು? ‘ಗಾಳಿ ಸೋಕಿದೆ’ ಎಂದೇ ಅಲ್ಲವೆ? ಮೊದಲು ತಾಯತ, ಆಮೇಲೆ ಮಂತ್ರವಾದಿ, ಕೆಲವೆಡೆ ಬೇವಿನ ಬರಲಿನ ಏಟು. ಇನ್ನು ಕೆಲವರು ‘ಓದು ತಪ್ಪಿಸಿಕೊಳ್ಳಲು ನಾಟಕ’ ಎಂದು ಗದರುತ್ತಾರೆ. ಎರಡೂ ತಪ್ಪು. ಮನಸ್ಸು ಹೊರಲಾರದ ಭಾರವನ್ನು ದೇಹ ಹೀಗೆ ಹೊರಹಾಕುವುದುಂಟು. ಅದು ಮಗುವಿನ ಹತೋಟಿಯಲ್ಲಿರುವುದಿಲ್ಲ. ಕೆಲವೊಮ್ಮೆ ಅದು ಮೂರ್ಛೆರೋಗವೂ ಆಗಿರಬಹುದು. ಯಾವುದೆಂದು ಹೇಳಬೇಕಾದವರು ವೈದ್ಯರು. ಮಂತ್ರವಾದಿಯ ಮನೆ ಬಾಗಿಲಲ್ಲಿ ಕಳೆದ ಒಂದೊಂದು ತಿಂಗಳೂ ಮಗುವಿನ ಓದಿಗೂ ಆರೋಗ್ಯಕ್ಕೂ ನಷ್ಟ.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದ ರಾಜ್ಯ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಪ್ರಯೋಗವೇ ಮಾದರಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹಾಕುವುದು, ಹೊಡೆಯುವುದು ರಾಜ್ಯದ 2017ರ ಕಾನೂನಿನ ಪ್ರಕಾರ ಅಪರಾಧ. 2022ರಿಂದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಶಿವನಿಯಿಂದ ಜಿಲ್ಲಾ ಆಸ್ಪತ್ರೆಗೆ ಚಿಕ್ಕಮಗಳೂರಿನವರೆಗೆ ಹೋಗಬೇಕು. ಫೋನಿಗೆ ಆ ಪ್ರಯಾಣವಿಲ್ಲ.

‘ಆಪ್ತಮಿತ್ರ’ವೂ ಪಠ್ಯಪುಸ್ತಕವಲ್ಲ. ನಾಟಕವಾಡಿ ಒಂದೇ ರಾತ್ರಿಯಲ್ಲಿ ಕಾಯಿಲೆ ವಾಸಿ ಮಾಡುವುದು ತೆರೆಯ ಮೇಲೆ ಮಾತ್ರ ಸಾಧ್ಯ. ನಿಜ ಜೀವನದಲ್ಲಿ ಮಾತುಕತೆ, ಬೇಕಾದಲ್ಲಿ ಔಷಧಿ, ಮನೆಯವರ ತಾಳ್ಮೆ ಇವೆಲ್ಲ ಸೇರಿ ತಿಂಗಳುಗಳೇ ಹಿಡಿಯುತ್ತವೆ. ಇಷ್ಟನ್ನು ಮಕ್ಕಳಿಗೆ ಹೇಳಬೇಕಾದದ್ದು ಹಿರಿಯರು.

ಹಾಗೆಂದು ಮಕ್ಕಳ ಕೈಯಿಂದ ದೆವ್ವದ ಸಿನಿಮಾಗಳನ್ನೆಲ್ಲ ಕಿತ್ತುಕೊಳ್ಳಬೇಕಿಲ್ಲ. ಕಿತ್ತುಕೊಂಡರೆ ಹೊದಿಕೆಯೊಳಗೆ ಮೊಬೈಲ್ ಹಿಡಿದು ನೋಡುತ್ತಾರೆ, ಅಷ್ಟೆ. ತೀರಾ ಚಿಕ್ಕವರನ್ನು ದೂರವಿಟ್ಟು, ಬೆಳೆದ ಮಕ್ಕಳ ಜೊತೆ ತಂದೆತಾಯಿ ಕೂತು ನೋಡುವುದು ಮೇಲು. ಸಾಧಾರಣ ಚಿತ್ರ ಇದಕ್ಕೆ ಒಳ್ಳೆಯ ಪಾಠೋಪಕರಣ. ಭಯದ ದೃಶ್ಯ ಬಂದಾಗ ಒಮ್ಮೆ ಸದ್ದು ನಿಲ್ಲಿಸಿದರೆ, ಕೆದರಿದ ಕೂದಲಿನ ದೆವ್ವ ಬಳಿದ ಬಣ್ಣವಾಗಿಯೇ ಕಾಣುತ್ತದೆ. ಹೆದರಿಸಿದ್ದು ಸಂಗೀತ, ಹೆದರಿದ್ದು ತನ್ನ ಕಲ್ಪನೆ ಎಂಬುದು ಹುಡುಗನಿಗೆ ಹೊಳೆಯುತ್ತದೆ. ಆಮೇಲೆ ಕೇಳಲು ಪ್ರಶ್ನೆಗಳೂ ಇವೆ. ಮೊದಲ ಭಾಗ ಏನು ಹೇಳಿತ್ತು? ಎರಡನೆಯದು ಅದನ್ನು ಎಲ್ಲಿ ಬದಲಾಯಿಸಿತು? ಯಾಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಹುಡುಗ ಮುಂದೆ ಪತ್ರಿಕೆಯ ಸುದ್ದಿಯನ್ನೂ ಚುನಾವಣೆಯ ಭಾಷಣವನ್ನೂ ಹೀಗೇ ಒರೆಗೆ ಹಚ್ಚಿಯಾನು.

ಚಿತ್ರಮಂದಿರದಲ್ಲಿ ಭಾಗ ನಾಲ್ಕೂ ಬರಲಿ, ಐದೂ ಬರಲಿ. ಆದರೆ ಪಕ್ಕದ ಮನೆಯ ಹುಡುಗಿ ಕುಸಿದು ಬಿದ್ದ ದಿನ ‘ಡಾಕ್ಟರಿಗೆ ತೋರಿಸೋಣ’ ಎಂಬ ಮಾತನ್ನು ಮೊದಲು ಹೇಳುವ ವಿದ್ಯಾರ್ಥಿ ಪ್ರತಿ ಓಣಿಯಲ್ಲೂ ಒಬ್ಬನಾದರೂ, ಒಬ್ಬಳಾದರೂ ಇರಬೇಕು.