ದನಿಯಷ್ಟೇ ಗೊತ್ತಿರುವ ಗೆಳೆಯ
ಈ ವಾರ ಮೂರು ರಾತ್ರಿ ಆಡಿದ್ದು ‘ಇಟ್ ಟೇಕ್ಸ್ ಟೂ’. 2021ರಲ್ಲಿ ಬಂದ ಈ ವಿಡಿಯೊ ಆಟವನ್ನು ಒಬ್ಬರೇ ಆಡಲು ಬರುವುದಿಲ್ಲ. ಒಬ್ಬರು ಗೋಡೆಗೆ ಮೊಳೆ ಎಸೆದು ನೆಟ್ಟರೆ, ಇನ್ನೊಬ್ಬರು ಅದಕ್ಕೆ ಸುತ್ತಿಗೆ ಸಿಕ್ಕಿಸಿ ಜೀಕಿ ದಾಟಬೇಕು. ನನ್ನ ಜೊತೆಗಾರನ ಮುಖವನ್ನು ನಾನಿನ್ನೂ ಕಂಡಿಲ್ಲ. ನಾಲ್ಕು ವರ್ಷದ ಒಡನಾಟದಲ್ಲಿ ಗೊತ್ತಿರುವುದು ದನಿ ಮಾತ್ರ, ಆದರೆ ಅವನು ‘ಹ್ಞೂಂ’ ಎಂದರೆ ದಣಿವೋ ದುಃಖವೋ ಹೇಳಬಲ್ಲೆ. ಗುರುವಾರ ಅವನು ಬರಲಿಲ್ಲ. ಕಾಯುತ್ತ ಕೂತವನಿಗೆ ನೆನಪಾದದ್ದು ನಾರ್ವೆಯ ಮಾಟ್ಸ್ ಸ್ಟೇನ್. ಡ್ಯೂಶೆನ್ ಎಂಬ ಸ್ನಾಯುಕ್ಷಯದಿಂದ 2014ರಲ್ಲಿ ತೀರಿಕೊಂಡಾಗ ಅವನಿಗೆ 25 ವರ್ಷ. ಮಗ ಗೆಳೆತನದ ಸುಖ ಕಾಣದೆಯೇ ಹೋದನೆಂದು ಹೆತ್ತವರು ಕೊರಗಿದ್ದರು. ಸಾವಿನ ಸುದ್ದಿಯನ್ನು ಅಂತರ್ಜಾಲದಲ್ಲಿ ತಿಳಿಸಿದ್ದೇ ತಡ, ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ಗಾಲಿಕುರ್ಚಿಯ ಆ ಹುಡುಗ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದೊಳಗೆ ಇಬೆಲಿನ್ ಎಂಬ ಹೆಸರಲ್ಲಿ ಓಡುತ್ತಿದ್ದ, ಅತ್ತವರ ಪಕ್ಕ ಕೂತು ಮಾತು ಕೇಳುತ್ತಿದ್ದ. ಆಟಿಸಂ ಇದ್ದ ಮಗನನ್ನು ತಲುಪಲಾರದೆ ಸೋತಿದ್ದ ತಾಯಿಯೊಬ್ಬಳಿಗೆ, ಆಟದಲ್ಲೇ ಅವನನ್ನು ಭೇಟಿಯಾಗುವ ದಾರಿ ತೋರಿದ್ದ. ಸ್ಟಾರ್‌ಲೈಟ್ ಎಂಬ ಅವನ ತಂಡದ ಕೆಲವರು ದೂರದೂರುಗಳಿಂದ ಅಂತ್ಯಕ್ರಿಯೆಗೆ ಬಂದರು. ಅವನನ್ನು ಕಣ್ಣಾರೆ ಎಂದೂ ಕಾಣದವರು ಶವಪೆಟ್ಟಿಗೆಯ ಮುಂದೆ ಅತ್ತರು. ಇದು ನಿಜವಾದ ಸ್ನೇಹವಲ್ಲ ಎನ್ನುವವರು, ಮಕ್ಕಳ ಮೇಲೆ ರೇಗುವ ಮುನ್ನ, ಅವನ ಕುರಿತ 2024ರ ಸಾಕ್ಷ್ಯಚಿತ್ರವನ್ನು ದಯವಿಟ್ಟು ನೋಡಬೇಕು. ಶುಕ್ರವಾರ ರಾತ್ರಿ ಗೆಳೆಯ ಬಂದ. ಅವನೂರಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿತ್ತಂತೆ. ಆಟ ಶುರುಮಾಡದೆ ಅರ್ಧ ಗಂಟೆ ಬರೀ ಮಾತಾಡಿದೆವು.