ಪೆಟ್ಟಿಗೆ ಎತ್ತಿಕೊಳ್ಳಿ ಎಂದು ಯಾರೂ ಹೇಳಲಿಲ್ಲ

ಇವರಿಗೆ,
ನನ್ನನ್ನು ಕರೆದೊಯ್ದ ವಿಮಾನ ಕಂಪನಿಯವರು ಮತ್ತು ನಾನು ಇಳಿದ ಅಮೆರಿಕದ ವಿಮಾನ ನಿಲ್ದಾಣದ ಆಡಳಿತದವರು

ವಿಷಯ: ಮೊದಲ ಸಲ ಬರುವ ಹಿರಿಯರಿಗೆ ದಾರಿ ಹೇಳುವವರಿಲ್ಲದ ಬಗ್ಗೆ

ಮಾನ್ಯರೇ,

ನಿಮ್ಮ ಹೆಸರು ಬರೆದಿಲ್ಲ. ಈ ದೂರು ನಿಮ್ಮೊಬ್ಬರ ಮೇಲಿನದಲ್ಲ, ಊರಿಗೆ ಬಂದು ವಿಚಾರಿಸಿದರೆ ಮೂರು ಮನೆಗೊಂದು ಇಂಥ ಕಥೆ ಸಿಗುತ್ತದೆ.

ನಾನು ತೀರ್ಥಹಳ್ಳಿ ಕಡೆಯವಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು 64. ಮಗಳ ಬಾಣಂತನಕ್ಕೆಂದು ಹೊರಟಿದ್ದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ನಿಮ್ಮ ನಿಲ್ದಾಣ, ಆಮೇಲೆ ಇನ್ನೊಂದು ಸಣ್ಣ ವಿಮಾನ ಹತ್ತಿ ಓಹಿಯೊದ ಕೊಲಂಬಸ್. ಎರಡು ಪೆಟ್ಟಿಗೆ, ತಲಾ 23 ಕೆ.ಜಿ. ಮೀರದಂತೆ ಮನೆಯಲ್ಲೇ ಮೂರು ಸಲ ತೂಗಿದ್ದು. ಬೆಂಗಳೂರಿನ ಕೌಂಟರಿನ ಹುಡುಗಿ ಚೀಟಿ ಅಂಟಿಸುತ್ತ, "ಬ್ಯಾಗ್ ಸೀದಾ ಕೊಲಂಬಸ್‌ಗೇ ಹೋಗುತ್ತೆ ಆಂಟಿ, ಟೆನ್ಷನ್ ಬೇಡ" ಎಂದಳು. ಚೀಟಿಯ ಮೇಲೂ ಕೊಲಂಬಸ್‌ನ ಗುರುತು 'ಸಿಎಂಎಚ್' ಎಂದೇ ಇತ್ತು. ನಾನೂ ಟೆನ್ಷನ್ ಮಾಡಿಕೊಳ್ಳಲಿಲ್ಲ.

ಆ ಹುಡುಗಿ ಸುಳ್ಳಾಡಲಿಲ್ಲ, ಅರ್ಧ ಹೇಳಿ ಬಿಟ್ಟಳು. ಅಮೆರಿಕದಲ್ಲಿ ಮೊದಲು ಇಳಿದ ಕಡೆಯೇ ಸಾಮಾನ್ಯವಾಗಿ ಪೆಟ್ಟಿಗೆಯನ್ನು ನಾವೇ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ವಿಮಾನದವರ ಕೈಗೆ ಒಪ್ಪಿಸಬೇಕಂತೆ, ಚೀಟಿಯಲ್ಲಿ ಯಾವ ಊರಿನ ಹೆಸರೇ ಇರಲಿ. ಪಕ್ಕದ ಮನೆಯ ಅಕ್ಕ ಹಿಂದಿನ ವರ್ಷ ಹೋಗಿ ಬಂದವರು, "ನಡುವೆ ಏನನ್ನೂ ಮುಟ್ಟಬೇಕಿಲ್ಲ" ಎಂದು ಧೈರ್ಯ ಬೇರೆ ಹೇಳಿದ್ದರು. ಅವರು ಹೋದದ್ದು ಅಬುಧಾಬಿ ಮೇಲೆ. ಅಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕೂತು ವಿಮಾನ ಹತ್ತುವ ಮುಂಚೆಯೇ ತಪಾಸಣೆ ಮುಗಿಸಿಬಿಡುತ್ತಾರೆ, ಹಾಗಾಗಿ ಅವರಿಗೆ ಈ ಪಾಡು ಬರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಪೆಟ್ಟಿಗೆ ಕಳೆದ ಮೇಲೆ.

ಇಮಿಗ್ರೇಷನ್ನಿನವರ ಬಗ್ಗೆ ದೂರಿಲ್ಲ. ಏಕೆ ಬಂದಿರಿ, ಎಷ್ಟು ದಿನ, ಯಾರ ಮನೆ ಎಂದು ಮೂರು ಮಾತು ಕೇಳಿದರು. ಮಗಳು ಫೋನಿನಲ್ಲಿ ಇಪ್ಪತ್ತು ಸಲ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದೆ.

ಎಡವಿದ್ದು ಅದರಾಚೆ. 'ಬ್ಯಾಗೇಜ್ ಕ್ಲೇಮ್' ಎಂದು ದೊಡ್ಡ ಫಲಕವಿತ್ತು. ಇಂಗ್ಲಿಷ್ ಓದಬಲ್ಲೆ ಸ್ವಾಮಿ, ಆದರೆ ನಮ್ಮಲ್ಲಿ ಕ್ಲೇಮ್ ಎನ್ನುವುದು ಎಲ್‌ಐಸಿ ಮಾತು. ಏನಾದರೂ ಹೋದಾಗ, ಯಾರಾದರೂ ತೀರಿಕೊಂಡಾಗ ಮಾಡುವುದು. ನನ್ನ ಪೆಟ್ಟಿಗೆ ಕಳೆದಿಲ್ಲವಲ್ಲ ಎಂದು ಮುಂದೆ ನಡೆದೆ. ಕಸ್ಟಮ್ಸ್ ಬಾಗಿಲಲ್ಲಿದ್ದವರು "ಬ್ಯಾಗ್ಸ್?" ಎಂದರು. "ಕೊಲಂಬಸ್" ಎಂದೆ. ಕೈಚೀಲ ನೋಡಿ, ತಲೆಯಾಡಿಸಿ ಬಿಟ್ಟರು. ಹೊರಗೆ 'ರೀಚೆಕ್' ಎಂದು ಇನ್ನೊಂದು ಫಲಕ. ಚೆಕ್ ಎಂದರೆ ನಮಗೆ ತಪಾಸಣೆ. ಆಗಲೇ ಎರಡು ಸಲ ಆಯಿತಲ್ಲ, ಮತ್ತೊಮ್ಮೆ ಏಕೆ ಎಂದುಕೊಂಡೆ. ಹಿಂದೆ ಬರುತ್ತಿದ್ದ ಗುಜರಾತಿ ದಂಪತಿ ಬೆವರುತ್ತ ಪೆಟ್ಟಿಗೆ ನೂಕಿಕೊಂಡು ಬಂದಾಗಷ್ಟೇ ಎದೆ ಧಸಕ್ಕೆಂದಿತು. ಒಳಗೆ ಹಿಂದಿರುಗಲು ಬಿಡಲಿಲ್ಲ.

ನಾನು ಕೊಲಂಬಸ್ ಸೇರಿದೆ. ಪೆಟ್ಟಿಗೆ ಸೇರಿದ್ದು ಆರನೆಯ ದಿನ. ಶುಂಠಿ ಲೇಹ್ಯ, ಬಾಣಂತಿಯ ಸೊಂಟಕ್ಕೆ ಕಟ್ಟಲು ಮೆತ್ತಗಾದ ನನ್ನ ಹಳೆಯ ಹತ್ತಿ ಸೀರೆಗಳು, ಎಲ್ಲ ಅದರಲ್ಲೇ. ಅಷ್ಟರಲ್ಲಿ ಮಗು ಹುಟ್ಟಿ ಮೂರು ದಿನವಾಗಿತ್ತು.

ಈಗ ಗಾಲಿಕುರ್ಚಿಯ ಮಾತು. ಟಿಕೆಟ್ ಮಾಡಿಸಿಕೊಟ್ಟವನು, "ವೀಲ್‌ಚೇರ್ ಹಾಕಿಸಿಬಿಡಿ ಅಮ್ಮ, ತಳ್ಳಿಕೊಂಡು ಹೋಗುವವರೇ ಎಲ್ಲ ನೋಡಿಕೊಳ್ಳುತ್ತಾರೆ" ಎಂದಿದ್ದ. ನಾನು ಈಗಲೂ ಕುಂದಾದ್ರಿ ಹತ್ತುವವಳು. ಇಲ್ಲದ ಮಂಡಿನೋವು ಹೇಳಿಕೊಂಡು ಕೂರಲು ಮನಸ್ಸು ಒಪ್ಪಲಿಲ್ಲ. ಬೆಂಗಳೂರಿನ ಗೇಟಿನಲ್ಲಿ ಸಾಲಾಗಿ ಕೂತಿದ್ದ ಕೆಲವರು ನಡುನಡುವೆ ಎದ್ದು ಕಾಫಿ ತಂದುಕೊಂಡರು. ಅವರನ್ನು ಕಂಡು ನಗುವವರಿದ್ದಾರೆ, ನನಗೆ ನಗು ಬರುವುದಿಲ್ಲ. ಅವರ ಕಾಲು ಗಟ್ಟಿಯೇ, ದಾರಿ ಗೊತ್ತಿಲ್ಲ. ದಾರಿ ಬಲ್ಲ ಮನುಷ್ಯ ಕುರ್ಚಿಯ ಜೊತೆಗೆ ಮಾತ್ರ ಸಿಗುವುದಾದರೆ ಅವರೇನು ಮಾಡಿಯಾರು? ಆ ಸಾಲಿನಲ್ಲೇ ನಿಜವಾಗಿ ಹೆಜ್ಜೆ ಎತ್ತಿಡಲಾರದ ಅಜ್ಜಿಯೊಬ್ಬರು ಕುರ್ಚಿಗಾಗಿ ಕಾಯುತ್ತಿದ್ದರು. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಮಗಳು ಆಮೇಲೆ ಹುಡುಕಿ ತೋರಿಸಿದಳು. ನಿಮ್ಮ ಟಿಕೆಟ್ ವ್ಯವಸ್ಥೆಯಲ್ಲಿ ಕುರ್ಚಿಗೊಂದು ಸಂಕೇತವಿದ್ದಂತೆ, ಎದುರುಗೊಂಡು ನೆರವಾಗುವುದಕ್ಕೂ 'ಎಂಎಎಎಸ್' ಎಂಬ ಬೇರೆ ಸಂಕೇತವಿದೆ. ಇರುವುದನ್ನು ಬಚ್ಚಿಟ್ಟದ್ದು ಏಕೆ? ಟಿಕೆಟ್ ಮಾಡುವಾಗ "ಕುರ್ಚಿ ಬೇಕೋ, ಜೊತೆಗೆ ನಡೆಯುವವರು ಸಾಕೋ" ಎಂದು ಕೇಳಿ. ಈ ನೆರವು ಹಿರಿಯರಿಗೆ ಪುಕ್ಕಟೆ ಸಿಗಲಿ.

ನಿಲ್ದಾಣದವರಲ್ಲಿ ಒಂದೇ ಕೋರಿಕೆ. ಭಾಷೆ ಬಾರದವರಿಗೂ ದಾರಿ ತಿಳಿಯಲೆಂದು ನಿಮ್ಮ ದೇಶದ ಸಾರಿಗೆ ಇಲಾಖೆಯೇ 1974ರಲ್ಲಿ 34 ಚಿತ್ರಸಂಕೇತಗಳನ್ನು ಮಾಡಿಸಿತು. ಅದೇ ಬುದ್ಧಿಯನ್ನು ಬೆಲ್ಟಿನ ಪಕ್ಕದಲ್ಲೂ ತೋರಿಸಿ. ಬೆಲ್ಟಿನಿಂದ ಪೆಟ್ಟಿಗೆ ಎತ್ತುವ ಮನುಷ್ಯ, ಅದನ್ನೇ ಮತ್ತೊಬ್ಬರಿಗೆ ಕೊಡುವ ಮನುಷ್ಯ, ಆಮೇಲೆ ವಿಮಾನ, ಹೀಗೆ ಮೂರು ಚಿತ್ರ. ಕನ್ನಡ ಫಲಕ ಹಾಕಿ ಎನ್ನುವಷ್ಟು ಅವಿವೇಕಿ ನಾನಲ್ಲ. ಕನ್ನಡ ಬೇಕಿರುವುದು ಬೆಂಗಳೂರಿನ ಕೌಂಟರಿನಲ್ಲಿ. ಟೆನ್ಷನ್ ಬೇಡ ಎನ್ನಲು ಕನ್ನಡ ಬಂತಲ್ಲ, ಉಳಿದರ್ಧವನ್ನೂ ಅದೇ ಭಾಷೆಯಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಬೋರ್ಡಿಂಗ್ ಪಾಸಿನ ಜೊತೆ ಕೊಡಲಿ.

ನನ್ನ ತಮ್ಮನ ಹೆಂಡತಿ ಯುಗಾದಿ ಕಳೆದ ಮೇಲೆ ಇದೇ ದಾರಿಯಲ್ಲಿ ಸೊಸೆಯ ಬಾಣಂತನಕ್ಕೆ ಹೊರಡುತ್ತಾಳೆ. ಅವಳಿಗಾಗಿ ಅಂಥದೊಂದು ಚೀಟಿಯನ್ನು ದಪ್ಪ ಅಕ್ಷರದಲ್ಲಿ ನಾನೇ ಬರೆದಿಟ್ಟಿದ್ದೇನೆ. ಅಚ್ಚು ಹಾಕಿಸುವ ಮನಸ್ಸಾದರೆ ತಿಳಿಸಿ, ಒಂದು ಪ್ರತಿ ಕಳುಹಿಸುತ್ತೇನೆ.

ಇಂತಿ,
ನಿಮ್ಮ ಪ್ರಯಾಣಿಕಳು,
ತೀರ್ಥಹಳ್ಳಿ ತಾಲ್ಲೂಕು